ಅಟ್ಟದ ಮೇಲಿನ ಜೂನ್ ತಿಂಗಳು

2025ರ ಸೆಪ್ಟೆಂಬರ್ 28, ಭಾನುವಾರ. ದಸರೆಯ ಗದ್ದಲಕ್ಕೆ ರಾತ್ರಿ ತಡವಾಗಿ ಮಲಗಿದ್ದ ಮೈಸೂರು ನಿಧಾನಕ್ಕೆ ಏಳುತ್ತಿತ್ತು. ಗೇಟಿನ ಹತ್ತಿರ ಬಿದ್ದಿದ್ದ ಪೇಪರ್ ಎತ್ತಿಕೊಂಡು ಬಂದು, ಕಾಫಿ ಲೋಟ ಪಕ್ಕದಲ್ಲಿಟ್ಟು ಬಿಚ್ಚಿದೆ. ಮುಖಪುಟದಲ್ಲಿ ಕರೂರು. ತಮಿಳುನಾಡಿನಲ್ಲಿ ನಟ ವಿಜಯ್ ಅವರ ಪಕ್ಷದ ಸಭೆ, ಅಲ್ಲಿ ಕಾಲ್ತುಳಿತ. ಮಧ್ಯಾಹ್ನದಿಂದ ಕಾದಿದ್ದ ಜನ. ನಾಯಕರು ಬಂದದ್ದು ಸಂಜೆ ಕತ್ತಲಾದ ಮೇಲೆ. ಸತ್ತವರ ಲೆಕ್ಕ ಆಗ ಇನ್ನೂ ಮುಗಿದಿರಲಿಲ್ಲ. ಆಮೇಲೆ ಅದು 41ಕ್ಕೆ ಬಂದು ನಿಂತಿತು.

ನನ್ನನ್ನು ಅಲ್ಲಾಡಿಸಿದ್ದು ಆ ಸಂಖ್ಯೆಯಲ್ಲ, ಒಂದು ಫೋಟೊ. ರಸ್ತೆ ತುಂಬ ಚಪ್ಪಲಿ. ಮಕ್ಕಳದ್ದು, ಹೆಂಗಸರದ್ದು, ಪಟ್ಟಿ ಕಿತ್ತದ್ದು, ಒಂಟಿ ಚಪ್ಪಲಿ. ಈ ಫೋಟೊ ನಾನು ಆಗಲೇ ನೋಡಿದ್ದೇನೆ ಅನ್ನಿಸಿತು. ಜೂನ್‌ನಲ್ಲಿ, ಇದೇ ಕುರ್ಚಿಯಲ್ಲಿ ಕೂತು.

ಕಾಫಿ ಆರುವುದಕ್ಕೆ ಬಿಟ್ಟು ಅಟ್ಟ ಹತ್ತಿದೆ.

ನಮ್ಮ ಮನೆಯಲ್ಲಿ ಹಳೆ ಪೇಪರನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿಡುತ್ತೇವೆ. ಒಂದು ತಿಂಗಳಿಗೆ ಒಂದು ಕಟ್ಟು, ಗೋಣಿ ದಾರದಿಂದ ಬಿಗಿದು. ಮೇಲಿನ ಹಾಳೆಯಲ್ಲಿ ತಿಂಗಳ ಹೆಸರು. ಅಪ್ಪ ಮಾಡಿದ ಅಭ್ಯಾಸ ಇದು. ಅಪ್ಪ ಹೋಗಿ ಹದಿಮೂರು ವರ್ಷ ಆಯಿತು, ಅಭ್ಯಾಸ ನನ್ನಲ್ಲಿ ಉಳಿದಿದೆ. ದೀಪಾವಳಿಗೆ ಸುಣ್ಣ ಬಣ್ಣ ಶುರುವಾಗುವ ಮುಂಚೆ ರದ್ದಿಯವನಿಗೆ ಕೊಡುವುದು ವಾಡಿಕೆ. ಅಷ್ಟರವರೆಗೂ ವರ್ಷದ ಸುದ್ದಿಯೆಲ್ಲ ಅಟ್ಟದ ಮೇಲೆ ಇರುತ್ತದೆ.

ಅಪ್ಪ ಸುದ್ದಿಯನ್ನು ತುಂಬ ಗಂಭೀರವಾಗಿ ತೆಗೆದುಕೊಂಡವರು. ಬೆಳಗ್ಗೆ 6.55ಕ್ಕೆ ರೇಡಿಯೊದಲ್ಲಿ ಸಂಸ್ಕೃತ ವಾರ್ತೆ ಶುರುವಾದರೆ ನಮಗೆ ಅದೇ ಅಲಾರಂ. 'ಪ್ರವಾಚಕಃ ಬಲದೇವಾನಂದ ಸಾಗರಃ' ಎನ್ನುವ ದನಿ ಮುಗಿಯುವುದರೊಳಗೆ ಹಾಸಿಗೆ ಸುತ್ತಿರಬೇಕು. ಆಮೇಲೆ ಕನ್ನಡದ ವಾರ್ತೆ. ಅದಕ್ಕೊಂದು ಸಾಲು ಇತ್ತು. ದೆಹಲಿಯ ರಾಜಕೀಯ ಮೊದಲು, ನಂತರ ವಿದೇಶ, ಎಲ್ಲೋ ನೆರೆ, ಎಲ್ಲೋ ರೈಲು ಅಪಘಾತ, ಬೆಲೆ ಏರಿಕೆ, ಕೊನೆಗೆ ಕ್ರಿಕೆಟ್. ಎಲ್ಲವೂ ಒಂದೇ ದನಿಯಲ್ಲಿ, ಒಂದೇ ಏರಿಳಿತದಲ್ಲಿ. ಚಿಕ್ಕವಳಾಗಿದ್ದಾಗ ನನಗೆ ಅದು ವಿಚಿತ್ರ ಅನ್ನಿಸುತ್ತಿತ್ತು. ಜನ ಸತ್ತ ಸುದ್ದಿಯನ್ನೂ ಭಾರತ ಗೆದ್ದ ಸುದ್ದಿಯನ್ನೂ ಇವರು ಹೇಗೆ ಹೀಗೆ ಒಂದೇ ಥರ ಓದುತ್ತಾರೆ ಅಂತ. ಈಗ ಟಿವಿಯ ಕಿರುಚಾಟ ಕೇಳಿದಾಗ ಆ ದನಿಗೆ ಎಷ್ಟು ಮರ್ಯಾದೆ ಇತ್ತು ಅಂತ ಗೊತ್ತಾಗುತ್ತದೆ.

ಅಪ್ಪನ ಹತ್ತಿರ ಒಂದು ಎಲ್‌ಐಸಿ ಡೈರಿ ಇತ್ತು. ಪ್ರತಿ ಹಾಳೆಯ ನಡುವೆ ಸ್ಕೇಲ್ ಇಟ್ಟು ಒಂದು ಗೆರೆ. ಎಡಗಡೆ ಸುದ್ದಿ, ತಾರೀಖಿನ ಸಮೇತ. ಬಲಗಡೆ ಮೇಲೆ ಒಂದೇ ಮಾತು: 'ಏನಾಯ್ತು?' ಆ ಸುದ್ದಿ ಮುಂದೆ ಏನಾಯಿತು ಅಂತ ತಿಳಿದಾಗ, ತಿಂಗಳಾದ ಮೇಲೋ ವರ್ಷವಾದ ಮೇಲೋ, ಬಲಗಡೆ ಬರೆಯುತ್ತಿದ್ದರು. ಖಾಲಿ ಜಾಗ ಜಾಸ್ತಿ. ಆದರೆ ತುಂಬಿದ ಕಡೆ ನೋಡಿದರೆ ಈಗಲೂ ಮೈ ಜುಮ್ ಎನ್ನುತ್ತದೆ.

'30-9-93. ಕಿಲ್ಲಾರಿ ಭೂಕಂಪ.' ಆಗ ಅಪ್ಪನಿಗೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಕೆಲಸ. ನನಗೆ ಹತ್ತು ವರ್ಷ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅಡುಗೆಮನೆಯ ಹಲಗೆಯಿಂದ ಪಾತ್ರೆಗಳು ಉರುಳಿದ ಸದ್ದು ನನಗಿನ್ನೂ ನೆನಪಿದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಗಣೇಶನನ್ನು ಬಿಟ್ಟು ಬಂದು ಮಲಗಿದ್ದ ಜನ. ಕಲ್ಲು ಮಣ್ಣಿನ ಗೋಡೆ, ಭಾರದ ಮಾಳಿಗೆ. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಅಪ್ಪನ ಡೈರಿಯ ಬಲಗಡೆ ಮೂರು ವರ್ಷ ಏನೂ ಇಲ್ಲ. ಆಮೇಲೆ ನೀಲಿ ಶಾಯಿಯಲ್ಲಿ: '1996. ಹೊಸ ಕಿಲ್ಲಾರಿ ನೋಡಿ ಬಂದೆ. ಬೀದಿ ಅಗಲ. ಮನೆ ದೂರ ದೂರ. ಒಬ್ಬ ಮುದುಕಿ ಹಳೆ ಊರಿನ ಕಡೆ ಮುಖ ಮಾಡಿ ಕೂತಿದ್ದಳು.'

ಅಷ್ಟೇ. ಆದರೆ ಆ ಭೂಕಂಪದ ಬಗ್ಗೆ ಯಾವ ಪೇಪರಿನಲ್ಲಿ ಓದಿದ್ದಕ್ಕಿಂತ ಆ ಮೂರು ಸಾಲು ನನ್ನ ಜೊತೆ ಜಾಸ್ತಿ ಉಳಿದಿದೆ.

ಅಟ್ಟದ ಮೇಲೆ ಜೂನ್ ಕಟ್ಟು ಸಿಕ್ಕಿತು. ಕೆಳಗೆ ತಂದು, ನೆಲದ ಮೇಲೆ ಹರವಿ, ಒಂದೊಂದೇ ಓದುತ್ತ ಕೂತೆ. ಒಂದು ತಿಂಗಳ ಪೇಪರನ್ನು ಒಂದೇ ಕೂರಿನಲ್ಲಿ ಓದಿದ್ದು ಇದೇ ಮೊದಲು. ದಿನಾ ಓದುವಾಗ ಕಾಣದ್ದು ಹೀಗೆ ಓದುವಾಗ ಕಾಣುತ್ತದೆ.

ಜೂನ್ 4ರ ಪೇಪರ್ ಪೂರ್ತಿ ಕೆಂಪು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಐಪಿಎಲ್ ಫೈನಲನ್ನು ಆರ್‌ಸಿಬಿ ಗೆದ್ದಿತ್ತು. ನಮ್ಮವರು 190, ಪಂಜಾಬ್ 184. ಆರು ರನ್ ಅಂತರ. ಹದಿನೆಂಟನೇ ಸೀಸನ್, ಕೊಹ್ಲಿಯ ಜೆರ್ಸಿಯೂ ಹದಿನೆಂಟು. ಕೊನೆಯ ಓವರಿನಲ್ಲೇ ಅವರ ಕಣ್ಣು ತುಂಬಿದ್ದನ್ನು ನಾವೆಲ್ಲ ನೋಡಿದೆವು. 'ಈ ಸಲ ಕಪ್ ನಮ್ದೇ' ಅಂತ ವರ್ಷ ವರ್ಷ ಹೇಳಿ, ವರ್ಷ ವರ್ಷ ಬೇರೆಯವರಿಂದ ಅನ್ನಿಸಿಕೊಂಡ ಜನ ನಾವು. ಆ ರಾತ್ರಿ ನಮ್ಮ ಬೀದಿಯಲ್ಲಿ ಹನ್ನೆರಡು ಗಂಟೆಗೆ ಪಟಾಕಿ ಹೊಡೆದರು. ಎದುರು ಮನೆಯ ಅಜ್ಜಿ ಹೊರಗೆ ಬಂದು ಬೈಯಲಿಲ್ಲ, ಮಕ್ಕಳಿಗೆ ಸಕ್ಕರೆ ಹಂಚಿದರು. ಆ ಖುಷಿ ನಿಜವಾದದ್ದು. ಆ ಪುಟವನ್ನು ಈಗ ನೋಡಿದರೂ ನನಗೆ ಖುಷಿಯೇ ಆಗುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಜೂನ್ 5ರದ್ದು ಅದರ ಕೆಳಗೇ ಇತ್ತು.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ವಿಜಯನಗರದಲ್ಲಿ ಪಿಜಿ. ಜೂನ್ 4, ಬುಧವಾರ, ಕಾಲೇಜಿಗೆ ಚಕ್ಕರ್ ಹಾಕಿ ನಾಲ್ಕು ಜನ ಗೆಳೆಯರ ಜೊತೆ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ, ಆರ್‌ಸಿಬಿಯ ವಿಜಯೋತ್ಸವ ನೋಡಲು ಹೊರಟ. ಮೆರವಣಿಗೆ ಇದೆ ಅಂತ ಒಬ್ಬ, ಇಲ್ಲ ಅಂತ ಇನ್ನೊಬ್ಬ. ಪಾಸ್ ಬೇಕು ಅಂತ ಒಬ್ಬ, ಸುಮ್ನೆ ಹೋದರೆ ಬಿಡ್ತಾರೆ ಅಂತ ಮತ್ತೊಬ್ಬ. ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೆಟ್ರೊ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ನಿಲ್ಲಲಿಲ್ಲ, ಅಷ್ಟು ಜನ. ಎಂ.ಜಿ. ರೋಡಿನಲ್ಲಿ ಇಳಿದು ನಡೆದರು.

ಸಂಜೆ ಐದೂವರೆಗೆ ಅಕ್ಕ ಅರಸೀಕೆರೆಯಿಂದ ಫೋನ್ ಮಾಡಿದಳು. 'ಇವನು ಫೋನ್ ತೆಗೀತಿಲ್ಲ ಕಣೇ.' ನಾನು ಟಿವಿ ಹಾಕಿದೆ. ಪರದೆಯ ಒಂದು ಕಡೆ ವಿಧಾನಸೌಧದ ಮೆಟ್ಟಿಲು, ಶಾಲು, ಪೇಟ. ಇನ್ನೊಂದು ಕಡೆ ಯಾರೋ ಯಾರನ್ನೋ ಎತ್ತಿಕೊಂಡು ಓಡುತ್ತಿದ್ದಾರೆ. ಬೌರಿಂಗ್ ಆಸ್ಪತ್ರೆಯ ಗೇಟು. ಕೆಳಗೆ ಓಡುವ ಅಕ್ಷರಗಳಲ್ಲಿ ಸತ್ತವರು ನಾಲ್ಕು ಅಂತ ಬಂತು, ಆಮೇಲೆ ಏಳು, ಆಮೇಲೆ ಹತ್ತು, ಹನ್ನೊಂದು. ಪ್ರತಿ ಸಲ ಅಂಕಿ ಬದಲಾದಾಗ ನಾನು ಇವನ ನಂಬರ್ ಒತ್ತಿದೆ. ಕರೆ ಹೋಗುತ್ತಲೇ ಇರಲಿಲ್ಲ. ಮೂರು ಗಂಟೆ ಹೀಗೇ ಕಳೆಯಿತು. ಆ ಮೂರು ಗಂಟೆ ನಾನು ಅಕ್ಕನಿಗೆ ಏನೇನು ಹೇಳಿ ಸಮಾಧಾನ ಮಾಡಿದೆನೋ ಒಂದೂ ನೆನಪಿಲ್ಲ.

ಎಂಟೂ ನಲವತ್ತಕ್ಕೆ ಅವನೇ ಮಾಡಿದ. 'ಚಿಕ್ಕಮ್ಮ, ನಾನು ಚೆನ್ನಾಗಿದೀನಿ. ಚಪ್ಪಲಿ ಹೋಯ್ತು.' ಅಷ್ಟು ಹೇಳಿ ಅಳುವುದಕ್ಕೆ ಶುರು ಮಾಡಿದ.

ಅವನು ಗೇಟಿನ ತನಕ ಹೋಗಿರಲಿಲ್ಲ. ಮೂಲೆಯಲ್ಲೇ ಸಿಕ್ಕಿಕೊಂಡಿದ್ದ. ಹಿಂದೆ ಬರುವವರಿಗೆ ಮುಂದೆ ಏನಾಗಿದೆ ಗೊತ್ತಿಲ್ಲ, ಮುಂದಿರುವವರಿಗೆ ಹಿಂದೆ ಹೋಗಲು ಜಾಗ ಇಲ್ಲ. 'ಕೈ ಎದೆ ಮೇಲೆ ಹಿಡ್ಕೊಂಡಿದ್ದೆ, ಚಿಕ್ಕಮ್ಮ. ಕೆಳಗೆ ಬಿಟ್ಟಿದ್ರೆ ಮತ್ತೆ ಎತ್ತೋಕಾಗ್ತಿರಲಿಲ್ಲ' ಅಂದ. ಕಾಲ್ತುಳಿತ ಅಂತ ನಾವು ಬರೆಯುತ್ತೇವೆ. ಇಂಥ ಕಡೆ ಬಹಳಷ್ಟು ಜನ ಸಾಯುವುದು ತುಳಿತದಿಂದಲ್ಲ, ಒತ್ತಡದಿಂದ. ನಿಂತಲ್ಲೇ ಎದೆ ಹಿಗ್ಗಲು ಜಾಗ ಸಿಗದೆ ಉಸಿರು ಕಟ್ಟುತ್ತದೆ. ಓಡಾಟ, ಗಾಬರಿ ಅಂತ ಆಮೇಲೆ ಕತೆ ಕಟ್ಟುವುದು ಸುಲಭ, ಅದರಲ್ಲಿ ತಪ್ಪು ಜನರ ಮೇಲೆ ಹೋಗುತ್ತದೆ. ಅಲ್ಲಿದ್ದದ್ದು ಸುಮಾರು 35 ಸಾವಿರ ಜನ ಹಿಡಿಸುವ ಮೈದಾನ. ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದರು. ಕಿರಿದಾದ ಗೇಟುಗಳು. ಗೆದ್ದು ಒಂದು ಹಗಲೂ ಕಳೆದಿಲ್ಲ. ಇಷ್ಟು ಸಾಕು, ಬೇರೆ ಗಾಬರಿ ಬೇಕಿಲ್ಲ.

ಸತ್ತ ಹನ್ನೊಂದೂ ಜನರ ಪಾಸ್‌ಪೋರ್ಟ್ ಸೈಜ್ ಫೋಟೊ ಪೇಪರಿನಲ್ಲಿ ಸಾಲಾಗಿ ಬಂದಿತ್ತು. ಹೆಚ್ಚಿನವರು ಇವನ ವಯಸ್ಸಿನ ಆಸುಪಾಸಿನವರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಆ ಸಾಲಿನಲ್ಲಿ ಹನ್ನೆರಡನೆಯ ಚೌಕ ಎಲ್ಲಿ ಬರಬಹುದಿತ್ತು ಅಂತ ನನ್ನ ಕಣ್ಣು ತಾನಾಗಿಯೇ ಹುಡುಕುತ್ತದೆ. ಅವತ್ತೂ ಹುಡುಕಿತು, ಈಗಲೂ.

ಇನ್ನು ಮುಂದಿನ ಪುಟಗಳು. ನಾನು ಹೇಳಬೇಕು ಅಂದುಕೊಂಡದ್ದು ಇಲ್ಲಿಂದ ಶುರು.

ಜೂನ್ 6ಕ್ಕೆ ಪೊಲೀಸ್ ಕಮಿಷನರ್ ಅಮಾನತು. ಮುಖಪುಟದ ಅಗಲಕ್ಕೂ ಅದೇ. ಜೂನ್ 7ಕ್ಕೆ ಅರ್ಧ ಪುಟ ಕಾಶ್ಮೀರ, ನದಿಯ ಮೇಲೆ 359 ಮೀಟರ್ ಎತ್ತರದ ಚಿನಾಬ್ ಸೇತುವೆಯನ್ನು ಪ್ರಧಾನಿ ಉದ್ಘಾಟಿಸಿದ್ದು. ಅದರ ಪಕ್ಕ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಒಂದೇ ಏಟಿಗೆ ಅರ್ಧ ಪರ್ಸೆಂಟ್ ಇಳಿಸಿ 5.5ಕ್ಕೆ ತಂದದ್ದು. ಫೆಬ್ರವರಿಯಿಂದ ಮೂರನೇ ಇಳಿಕೆ. 'ಸಾಲಗಾರರಿಗೆ ಸಿಹಿ ಸುದ್ದಿ' ಅಂತ ತಲೆಬರಹ.

ಇದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಆ ಸಿಹಿ ನಮ್ಮ ಮನೆಗೆ ಬರಲಿಲ್ಲ. ನಮ್ಮ ಗೃಹಸಾಲ 2016ರದ್ದು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೊ ದರದಂಥ ಹೊರಗಿನ ಅಳತೆಗೆ ನೇರ ಕಟ್ಟಿಕೊಂಡಿವೆ. ಅದು ಇಳಿದರೆ ಇವೂ ಬೇಗ ಇಳಿಯುತ್ತವೆ. ಹಳೆಯ ಸಾಲ ಹಾಗಲ್ಲ. ಅದಕ್ಕೆ ಬ್ಯಾಂಕಿನ ಒಳಗಿನ ಲೆಕ್ಕ, ನಿಧಾನಕ್ಕೆ ಇಳಿಯುತ್ತದೆ. ಇಳಿದರೂ ತಿಂಗಳ ಕಂತು ಹಾಗೇ ಇಟ್ಟು, ಸಾಲದ ಅವಧಿಯನ್ನು ಕಡಿಮೆ ಮಾಡುವುದು ಜಾಸ್ತಿ. ನಾನು ಬ್ಯಾಂಕಿಗೆ ಎರಡು ಸಲ ಅಲೆದು, ಅರ್ಜಿ ಕೊಟ್ಟು, ಒಂದಿಷ್ಟು ಶುಲ್ಕ ಕಟ್ಟಿ ಹೊಸ ಲೆಕ್ಕಕ್ಕೆ ಬದಲಾಯಿಸಿಕೊಂಡೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುತ್ತಿರಲಿಲ್ಲ. ಇದನ್ನು ತಲೆಬರಹದ ಕೆಳಗೆ ನಾಲ್ಕು ಸಾಲಿನಲ್ಲಿ ಬರೆಯಬಹುದಿತ್ತು, ಅಲ್ವಾ? ಓದುವವರಲ್ಲಿ ಎಷ್ಟೋ ಜನರ ಸಾಲ ಹಳೆಯದು.

ಜೂನ್ 11ಕ್ಕೆ ಬರೋಣ. ಹಿಂದಿನ ದಿನ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರನ್ನೂ ದೆಹಲಿಗೆ ಕರೆಸಿಕೊಂಡಿದ್ದರು. ಹೋದದ್ದು ಕಾಲ್ತುಳಿತದ ವರದಿ ಒಪ್ಪಿಸಲು ಅಂತ ನಾವು ಅಂದುಕೊಂಡಿದ್ದೆವು. ಬಂದ ಸುದ್ದಿ ಜಾತಿ ಗಣತಿಯನ್ನು ಮತ್ತೆ ಮಾಡುತ್ತೇವೆ ಅಂತ. ಅದು ಸಣ್ಣ ಸುದ್ದಿಯಲ್ಲ, ಒಪ್ಪುತ್ತೇನೆ. ಜೂನ್‌ನ ಆ ತಲೆಬರಹ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆ ಬಾಗಿಲಿಗೇ ಬಂತು. ಕರೆಂಟ್ ಮೀಟರಿನ ಹತ್ತಿರ ಸ್ಟಿಕ್ಕರ್ ಅಂಟಿಸಿ ಹೋದರು. ಆಮೇಲೆ ಶಾಲೆಯ ಮೇಡಂ ಒಬ್ಬರು ಮೊಬೈಲ್ ಹಿಡಿದು 60 ಪ್ರಶ್ನೆ ಕೇಳಲು ಬಂದರು. ನೆಟ್‌ವರ್ಕ್ ಸಿಗದೆ ಜಗಲಿಗೂ ಗೇಟಿಗೂ ಓಡಾಡಿದರು. ಆದರೆ ಜೂನ್ 11ರ ಆ ಪುಟದಲ್ಲಿ ಕಾಲ್ತುಳಿತ ಕೆಳಗಿನ ಮೂಲೆಗೆ ಹೋಗಿತ್ತು. ಸತ್ತು ಒಂದೇ ವಾರ.

ಜೂನ್ 13ರ ಪುಟದಲ್ಲಿ ಅದು ಎಲ್ಲೂ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ 1.39ಕ್ಕೆ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೇರಿ ನಿಮಿಷವೂ ಆಗದೆ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಮೇಲೆ ಬಿದ್ದಿತು. ಒಳಗಿದ್ದ 242 ಜನರಲ್ಲಿ ಬದುಕಿದ್ದು 11ಎ ಸೀಟಿನಲ್ಲಿ ಕೂತಿದ್ದ ಒಬ್ಬರು. ನೆಲದ ಮೇಲಿದ್ದವರೂ ಸೇರಿ ಸತ್ತವರು 260. ಆ ಹಾಸ್ಟೆಲಿನ ಊಟದ ಕೋಣೆಯ ಫೋಟೊ ಇದೆ. ಮೇಜಿನ ಮೇಲೆ ಸ್ಟೀಲ್ ತಟ್ಟೆಗಳು, ತಟ್ಟೆಯಲ್ಲಿ ಅರ್ಧ ಉಂಡ ಊಟ, ಹಿಂದೆ ಗೋಡೆ ಒಡೆದು ಒಳಗೆ ನುಗ್ಗಿದ ವಿಮಾನದ ತುಂಡು. ಹತ್ತು ದಿನದ ಹಿಂದೆ ಅದೇ ಊರಿನಲ್ಲಿ ನಾವು ಗೆದ್ದಿದ್ದು.

ಅಪ್ಪನ ಡೈರಿಯಲ್ಲಿ '22-5-2010. ಮಂಗಳೂರು ವಿಮಾನ. 158.' ಅಂತ ಇದೆ. ಬಲಗಡೆ, ಎರಡು ವರ್ಷದಲ್ಲಿ, ನಾಲ್ಕು ಸಲ ಬರೆದಿದ್ದಾರೆ, ನಾಲ್ಕೂ ಪರಿಹಾರದ ಬಗ್ಗೆ. ಕೊನೆಯದು '2012, ಇನ್ನೂ ಕೋರ್ಟಿನಲ್ಲಿ'. ಆ ವರ್ಷವೇ ಅಪ್ಪ ಹೋದರು. ಆ ವಿಮಾನದಲ್ಲಿ ಸತ್ತವರೊಬ್ಬರ ಮನೆಯವರ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2020ರಲ್ಲಿ. ಹತ್ತು ವರ್ಷ. ಅಷ್ಟು ಹೊತ್ತಿಗೆ ಆ ಅಪಘಾತ ವರ್ಷಕ್ಕೊಮ್ಮೆ ಶ್ರದ್ಧಾಂಜಲಿಯ ಸುದ್ದಿ ಮಾತ್ರ ಆಗಿತ್ತು.

ಜೂನ್ 14ಕ್ಕೆ ಅಹಮದಾಬಾದಿನ ಪಕ್ಕ ಇರಾನ್ ಬಂತು. ಇಸ್ರೇಲ್ ದಾಳಿ. ಕಚ್ಚಾ ತೈಲದ ಬೆಲೆ ಒಂದೇ ದಿನದಲ್ಲಿ ನೂರಕ್ಕೆ ಏಳರಷ್ಟು ಜಿಗಿದಿತ್ತು. ಲೋಕದ ತೈಲದ ಐದನೇ ಒಂದು ಭಾಗ ದಾಟುತ್ತಿದ್ದ ಹೊರ್ಮುಜ್ ಜಲಸಂಧಿಯ ನಕ್ಷೆ ದಿನಾ ಬರಲು ಶುರುವಾಯಿತು. ದೂರದ ಯುದ್ಧ ಅಂದುಕೊಂಡರೆ, ಗೌರಿಬಿದನೂರಿನ ಪಕ್ಕದ ಅಲೀಪುರದಲ್ಲಿ ಜನ ನಿದ್ದೆ ಬಿಟ್ಟಿದ್ದರು. ಆ ಊರಿನ ಮಕ್ಕಳು ಎಷ್ಟೋ ಜನ ಇರಾನಿನಲ್ಲಿ ಓದುತ್ತಾರೆ. ಅಲ್ಲಿನ ಅಮ್ಮಂದಿರೂ ಫೋನ್ ಹಿಡಿದು ಕೂತಿರುತ್ತಾರೆ ಅಂತ ಆ ಸುದ್ದಿ ಓದಿದಾಗ ನನಗೆ ಹತ್ತು ದಿನದ ಹಿಂದಿನ ಆ ಮೂರು ಗಂಟೆ ನೆನಪಾಯಿತು. ಹನ್ನೆರಡು ದಿನಕ್ಕೆ ಕದನ ವಿರಾಮ ಬಂತು. ಅದರಲ್ಲಿ ಅಮೆರಿಕವೂ ಬಾಂಬು ಹಾಕಿ ಆಗಿತ್ತು. ಯುದ್ಧ ನಿಂತ ಮೇಲೆ ಅಲೀಪುರ ಪೇಪರಿನಲ್ಲಿ ಮತ್ತೆ ಕಾಣಲಿಲ್ಲ. ಮಕ್ಕಳೆಲ್ಲ ಬಂದರಾ, ಓದು ಎಲ್ಲಿಗೆ ನಿಂತಿತು, ಯಾರೂ ಬರೆಯಲಿಲ್ಲ. ನನ್ನ ಕಟ್ಟಿನಲ್ಲಂತೂ ಇಲ್ಲ.

ನಡುವೆ ಕ್ರೀಡಾಪುಟ ತೆರೆದಾಗ ಉಸಿರು ಹಗುರಾಯಿತು. ಜೂನ್ 15ರಂದು ಲಾರ್ಡ್ಸ್‌ನಿಂದ ಬಂದ ಫೋಟೊ. ದಕ್ಷಿಣ ಆಫ್ರಿಕಾದ ನಾಯಕ ತೆಂಬಾ ಬವುಮಾ ಗದೆ ಎತ್ತಿ ಹಿಡಿದಿದ್ದಾರೆ. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲಿನಲ್ಲಿ ಆಸ್ಟ್ರೇಲಿಯಾ ಎದುರು 282 ಬೆನ್ನಟ್ಟಿ ಐದು ವಿಕೆಟ್‌ಗಳಿಂದ ಗೆದ್ದದ್ದು. ಮಾರ್ಕ್ರಂ 136. ತೊಡೆಯ ಸ್ನಾಯು ಹಿಡಿದುಕೊಂಡಿದ್ದರೂ ಬವುಮಾ ಕುಂಟುತ್ತಲೇ ಓಡಿ 66 ಹೊಡೆದರು. 1998ರ ನಂತರ ಅವರಿಗೆ ಸಿಕ್ಕ ಮೊದಲ ಐಸಿಸಿ ಕಪ್. ಇಷ್ಟು ವರ್ಷ ಎಷ್ಟು ಮಾತು ಕೇಳಿದ್ದರು ಆ ಮನುಷ್ಯ, ಎತ್ತರದ ಬಗ್ಗೆ, ಮೀಸಲಾತಿಯ ಬಗ್ಗೆ. ಆ ಫೋಟೊ ಕತ್ತರಿಸಿ ಇಟ್ಟುಕೊಂಡೆ. ಆ ತಿಂಗಳ ಕೊನೆಯ ವಾರ ಲೀಡ್ಸ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ 137 ಹೊಡೆದರು, ತಂಡದಿಂದ ಐದು ಶತಕ ಬಂದವು, ಆದರೂ ಸೋತೆವು. ಇಂಗ್ಲೆಂಡ್ 371 ರನ್ನನ್ನು ಬೆನ್ನಟ್ಟಿ ಹೊಡೆದುಬಿಟ್ಟಿತು. ಅದಕ್ಕೂ ಎರಡು ದಿನ ಬೇಜಾರು ಮಾಡಿಕೊಂಡಿದ್ದೆ.

ಸಾವಿನ ಸುದ್ದಿ ಇರುವಾಗ ಆಟದ ಸುದ್ದಿಗೆ ಖುಷಿ ಪಡಬಾರದು ಅನ್ನುವವಳಲ್ಲ ನಾನು. ಅಪ್ಪನ ಡೈರಿಯ ಎಡಗಡೆಯೂ ಕ್ರಿಕೆಟ್ ಇದೆ. ನನ್ನ ಬೇಸರ ಬೇರೆ. ಆಟ ಮುಗಿದ ಮೇಲೆ ಏನಾಯಿತು ಅಂತ ಯಾರೂ ನಮಗೆ ಹೇಳದೆ ಬಿಡುವುದಿಲ್ಲ. ಸ್ಕೋರು ಇರುತ್ತದೆ, ಪಾಯಿಂಟ್ಸ್ ಪಟ್ಟಿ ಇರುತ್ತದೆ, ಮುಂದಿನ ಪಂದ್ಯ ಯಾವತ್ತು ಅಂತ ಇರುತ್ತದೆ. ಹನ್ನೊಂದು ಜನ ಸತ್ತದ್ದಕ್ಕೆ ಅಂಥ ಒಂದು ಪಟ್ಟಿ ಯಾವ ಪುಟದಲ್ಲಿದೆ?

ಜೂನ್ 27ಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿ ಸತ್ತ ಸುದ್ದಿ. ಜಾನುವಾರನ್ನು ಹುಲಿ ಕೊಂದಿದ್ದಕ್ಕೆ ಆ ಮಾಂಸಕ್ಕೇ ವಿಷ ಹಾಕಿದ್ದರು. ಅದನ್ನು ಓದಿ ಅವತ್ತು ಊಟ ಸೇರಿರಲಿಲ್ಲ.

ಜೂನ್ 30ರ ಪೇಪರ್, ಕಟ್ಟಿನಲ್ಲಿ ಕೊನೆಯದು. ಅದರ ಒಳಪುಟದಲ್ಲಿ ಒಂದು ಚಿಕ್ಕ ಕಾಲಂ. ಪುರಿಯಲ್ಲಿ ಗುಂಡಿಚಾ ದೇವಸ್ಥಾನದ ಹತ್ತಿರ ನಸುಕಿನಲ್ಲಿ ನೂಕುನುಗ್ಗಲು, ಮೂವರು ಸಾವು. ದರ್ಶನಕ್ಕೆ ಕಾದಿದ್ದ ಜನರ ನಡುವೆ ಪೂಜೆಯ ಸಾಮಾನು ತುಂಬಿದ ಲಾರಿಗಳು ಬಂದವಂತೆ. ಅವತ್ತು ಬೆಳಗ್ಗೆ ಇದನ್ನು ಓದಿದ್ದೆನಾ? ಓದಿರಲೇಬೇಕು. ಒಂದು ಚೂರೂ ನೆನಪಿಲ್ಲ. ತಿಂಗಳ ಮೊದಲ ವಾರದಲ್ಲಿ ನನ್ನ ಕೈ ನಡುಗಿಸಿದ್ದ ಸಂಗತಿಯೇ ತಿಂಗಳ ಕೊನೆಯಲ್ಲಿ ಇನ್ನೊಂದು ಊರಿನಲ್ಲಿ ಆಗಿತ್ತು. ನಾನು ಪುಟ ಮಗುಚಿದ್ದೆ. ಇದು ಮಾತ್ರ ನನಗೆ ಇವತ್ತಿಗೂ ಸಂಕಟ.

ಆ ಭಾನುವಾರ ಮಧ್ಯಾಹ್ನ ಉಳಿದ ಕಟ್ಟುಗಳನ್ನೂ ಇಳಿಸಿ ಹುಡುಕಿದೆ. ಜನವರಿ 8, ತಿರುಪತಿ, ವೈಕುಂಠ ಏಕಾದಶಿಯ ಟೋಕನ್ ಸಾಲು, 6. ಜನವರಿ 29, ಪ್ರಯಾಗದ ಕುಂಭಮೇಳ, ಸರ್ಕಾರ ಕೊಟ್ಟ ಲೆಕ್ಕ 30. ಫೆಬ್ರವರಿ 15, ನವದೆಹಲಿ ರೈಲು ನಿಲ್ದಾಣ, 18. ಜೂನ್ 4, ನಮ್ಮದು, 11. ಜೂನ್ 29, ಪುರಿ, 3. ಈಗ ಕರೂರು, 41. ದೇವರು, ರೈಲು, ಕ್ರಿಕೆಟ್ ಕಪ್, ರಾಜಕೀಯ. ಕಾರಣ ಬೇರೆ ಬೇರೆ ಕಂಡರೂ ಒಳಗೆ ಒಂದೇ. ಎಷ್ಟು ಜನ ಬರಬಹುದು ಅಂತ ಮೊದಲೇ ಗೊತ್ತಿತ್ತು. ಎಷ್ಟು ಜನಕ್ಕೆ ಜಾಗ ಇದೆ ಅಂತಲೂ ಗೊತ್ತಿತ್ತು. ಎರಡನ್ನೂ ಒಂದೇ ಕಾಗದದಲ್ಲಿ ಬರೆದು, ಇಲ್ಲ, ಇವತ್ತು ಬೇಡ, ಅನ್ನುವ ಧೈರ್ಯ ಯಾರೂ ಮಾಡಲಿಲ್ಲ.

ಹನ್ನೊಂದು ಜನರದ್ದು ಮುಂದೆ ಏನಾಯಿತು ಅಂತ ಜೂನ್, ಜುಲೈ, ಆಗಸ್ಟ್ ಕಟ್ಟುಗಳಲ್ಲಿ ಹುಡುಕಿದೆ. ಸಿಕ್ಕಿದ್ದು ಐದನೇ ಪುಟ, ಏಳನೇ ಪುಟಗಳಲ್ಲಿ. ಪರಿಹಾರ ಹತ್ತು ಲಕ್ಷದಿಂದ 25 ಲಕ್ಷವಾಯಿತು. ನಿವೃತ್ತ ನ್ಯಾಯಮೂರ್ತಿ ಮೈಕಲ್ ಡಿ'ಕುನ್ಹಾ ಆಯೋಗ ಜುಲೈನಲ್ಲಿ ವರದಿ ಕೊಟ್ಟಿತು. ಜುಲೈ ಕೊನೆಗೆ ಪೊಲೀಸ್ ಅಧಿಕಾರಿಗಳ ಅಮಾನತು ವಾಪಸಾಯಿತು. ಜನಸಂದಣಿ ನಿಯಂತ್ರಿಸುವ ಮಸೂದೆ ಆಗಸ್ಟ್‌ನಲ್ಲಿ ವಿಧಾನಸಭೆಗೆ ಬಂದು ಸದನ ಸಮಿತಿಗೆ ಹೋಯಿತು. ಆ ತಿಂಗಳ ಕೊನೆಗೆ ತಂಡವೂ ಪ್ರತಿ ಕುಟುಂಬಕ್ಕೆ 25 ಲಕ್ಷ ಘೋಷಿಸಿತು. ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರಿಗೆ ಹೋದವು. ಇದು ಆ ಭಾನುವಾರದವರೆಗಿನ ಲೆಕ್ಕ. ಇದನ್ನೆಲ್ಲ ಹೀಗೆ ಒಂದು ಕಡೆ ಜೋಡಿಸಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು, ನೆಲದ ಮೇಲೆ ಮೂರು ತಿಂಗಳ ಪೇಪರ್ ಹರಡಿಕೊಂಡು. ಹನ್ನೊಂದು ಮನೆಗಳಲ್ಲಿ ಈಗ ಹೇಗಿದ್ದಾರೆ ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ 1843ರ ಜುಲೈ 1ಕ್ಕೆ ಶುರುವಾಯಿತು. ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ತರುತ್ತಿದ್ದರು. ಆಗಿನ ಓದುಗರಿಗೆ ಒಂದು ಸುದ್ದಿಯ ಜೊತೆ ಇರಲು ಹದಿನೈದು ದಿನ ಸಿಗುತ್ತಿತ್ತು ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ. ಆ ಕಾಲ ವಾಪಸ್ ಬರಲಿ ಅಂತ ಕೇಳುತ್ತಿಲ್ಲ. ದಿನದ ಹದಿನಾರು ಪುಟದಲ್ಲಿ ಅರ್ಧ ಪುಟ, ವಾರಕ್ಕೊಂದು ದಿನ, 'ಏನಾಯ್ತು?' ಅಂತ ಬಿಡಿ. ಮೂರು ತಿಂಗಳ ಹಿಂದಿನ ಸೇತುವೆ, ಆರು ತಿಂಗಳ ಹಿಂದಿನ ಭರವಸೆ, ವರ್ಷದ ಹಿಂದಿನ ನೆರೆ. ನಾನು ಮೊದಲು ಓದುವ ಪುಟ ಅದೇ ಆಗಿರುತ್ತದೆ.

ಮರುದಿನ, ಸೋಮವಾರದ ಪೇಪರ್ ಬಂತು. ಮುಖಪುಟದಲ್ಲಿ ದುಬೈ. ಏಷ್ಯಾ ಕಪ್ ಫೈನಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿದ್ದೆವು, ತಿಲಕ್ ವರ್ಮಾ 69, ಗೆದ್ದವರು ಕಪ್ ಇಸ್ಕೊಳ್ಳಲಿಲ್ಲ. ಕರೂರು ಇತ್ತು, ಸ್ವಲ್ಪ ಕೆಳಗೆ. ಅದಕ್ಕೂ ಕೆಳಗೆ ಭೀಮಾ ನದಿ. ಕಲಬುರಗಿ, ವಿಜಯಪುರ, ಯಾದಗಿರಿಯ ಊರುಗಳಿಗೆ ನೀರು ನುಗ್ಗಿ ದಿನಗಳೇ ಆಗಿದ್ದವು. ಮಹಾರಾಷ್ಟ್ರದ ಮಳೆ, ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು. ತೊಗರಿ ಹೊಲದಲ್ಲೇ ಕೊಳೆಯುತ್ತಿತ್ತು. ನಾನು ಹುಡುಗಿಯಾಗಿ ಓಡಾಡಿದ ಸೀಮೆ ಅದು. ಆಳಂದದ ಹಳೆಯ ಗೆಳತಿಗೆ ಫೋನ್ ಮಾಡಿದೆ. 'ನೀ ಒಬ್ಬಾಕಿ ಕೇಳಿದಿ ನೋಡವ್ವ' ಅಂದಳು. ಅವಳ ಗಂಡನ ಹೊಲದಲ್ಲಿ ಮೊಣಕಾಲುದ್ದ ನೀರು. ಬ್ಯಾಂಕಿನ ಬೆಳೆಸಾಲ ಹಾಗೇ ಇದೆ. ಆಮೇಲೆ ಒಣಭೂಮಿಗೆ ಹೆಕ್ಟೇರಿಗೆ 17 ಸಾವಿರ ಪರಿಹಾರ ಅಂತ ಸರ್ಕಾರ ಹೇಳಿತು. ಅಪ್ಪನ ಡೈರಿ ತೆಗೆದು, ಎಡಗಡೆ ಬರೆದುಕೊಂಡೆ. ಅಪ್ಪ ಹೋದ ಮೇಲೆ ಅದರಲ್ಲಿ ಯಾರೂ ಬರೆದಿರಲಿಲ್ಲ. ಕೊನೆಯಲ್ಲಿ ಇಪ್ಪತ್ತು ಮೂವತ್ತು ಹಾಳೆ ಖಾಲಿ ಇದ್ದವು. ಭೀಮೆಯ ಮೇಲೆ ಕರೂರು, ಅದರ ಮೇಲೆ ಅಹಮದಾಬಾದು, ಅದರ ಮೇಲೆ ಚಿನ್ನಸ್ವಾಮಿ, ಹೀಗೆ ಹಿಂದಿನ ತಾರೀಖಿಗೆ ಜಾಗ ಬಿಟ್ಟು ಬಿಟ್ಟು ಬರೆದೆ.

ಆಯುಧಪೂಜೆಗೆ ಅಕ್ಕನ ಮಗ ಮೈಸೂರಿಗೆ ಬಂದ. ಚಿಕ್ಕಪ್ಪನ ಸ್ಕೂಟರ್ ತೊಳೆದು, ಕುಂಬಳಕಾಯಿ ಒಡೆದು, ಹೋಳಿಗೆ ಉಂಡ. ಜೂನ್ ನಂತರ ಅವನು ಆ ದಿನದ ಬಗ್ಗೆ ಮಾತೇ ಆಡಿಲ್ಲ. ನಾವೂ ಕೇಳಿಲ್ಲ. ಆರ್‌ಸಿಬಿ ಜೆರ್ಸಿ ಅಕ್ಕನ ಮನೆಯ ಬೀರುವಿನಲ್ಲಿ ಮಡಿಸಿಟ್ಟದ್ದು ಹಾಗೇ ಇದೆಯಂತೆ.

ಆಯುಧಪೂಜೆಯ ಮರುದಿನ ನಮ್ಮಲ್ಲಿ ಪೇಪರ್ ಬರುವುದಿಲ್ಲ. ಪತ್ರಿಕಾಲಯಕ್ಕೆ ರಜೆ. ವಿಜಯದಶಮಿಯ ಬೆಳಗ್ಗೆ ನನಗೆ ಕೈ ಖಾಲಿ ಖಾಲಿ. ಜಗಲಿಯಲ್ಲಿ ಜೂನ್ ಕಟ್ಟು ಇನ್ನೂ ಬಿಚ್ಚಿಯೇ ಬಿದ್ದಿತ್ತು, ಡೈರಿ ಅದರ ಮೇಲೆ. ಅವನು ಹಲ್ಲುಜ್ಜುತ್ತ ಬಂದವನು ಡೈರಿ ಎತ್ತಿಕೊಂಡ. ಅಜ್ಜನ ಅಕ್ಷರ ಅವನು ನೋಡಿದ್ದು ಅದೇ ಮೊದಲು. ಕಿಲ್ಲಾರಿಯ ಮುದುಕಿಯ ಸಾಲನ್ನು ಎರಡು ಸಲ ಓದಿದ. ಆಮೇಲೆ ಹಾಳೆ ತಿರುವಿ ತಿರುವಿ ನನ್ನ ಅಕ್ಷರದ ಹತ್ತಿರ ಬಂದ. '4-6-25. ಚಿನ್ನಸ್ವಾಮಿ. 11.'

ಬಹಳ ಹೊತ್ತು ನೋಡಿದ. 'ಪೆನ್ ಕೊಡಿ ಚಿಕ್ಕಮ್ಮ' ಅಂದ. ಬಲಗಡೆ ಬರೆಯುತ್ತಾನೆ ಅಂದುಕೊಂಡೆ. ಎಡಗಡೆ, ನನ್ನ ಸಾಲಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಬರೆದ.

'ಸಂಜೆ. ನಾನೂ ಅಲ್ಲಿದ್ದೆ.'

ಬಲಗಡೆ ಮುಟ್ಟಲಿಲ್ಲ. ಪೆನ್ ವಾಪಸ್ ಕೊಟ್ಟು, ಬಾಯಿ ತೊಳೆಯಲು ಹಿತ್ತಲಿಗೆ ಹೋದ.